ಇನ್‌ಡಿಸೈನ್ ಅಪ್‌ಗ್ರೇಡ್ ಆದ ಮೇಲೆ ಕಟೌಟ್ ಚಿತ್ರಗಳ ಹಿನ್ನೆಲೆ ಮತ್ತೆ ಕಾಣಿಸುತ್ತಿದೆ: ಕ್ಲಿಪ್ಪಿಂಗ್ ಎಲ್ಲಿ ತಪ್ಪುತ್ತಿದೆ?

ಪುಟಕೆಲಸ:

ಎಲ್ಲರಿಗೂ ನಮಸ್ಕಾರ. 96 ಪುಟದ ಕ್ಯಾಟಲಾಗ್, ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನ ಹಳೆಯ ಸಿಎಸ್6 ಆವೃತ್ತಿಯಲ್ಲಿ ಕಟ್ಟಿದ್ದು. ಈಗ ಅದನ್ನು ಇನ್‌ಡಿಸೈನ್ 2024ರಲ್ಲಿ ತೆರೆದು ಬೇರೆ ಹೆಸರಿನಲ್ಲಿ ಸೇವ್ ಮಾಡಲಾಗಿದೆ. ತೆರೆಯುವಾಗ ಬದಲಾದ ಲಿಂಕ್‌ಗಳನ್ನು (ಪುಟಕ್ಕೆ ಜೋಡಿಸಿದ ಹೊರಗಿನ ಚಿತ್ರದ ಫೈಲುಗಳನ್ನು) ಅಪ್‌ಡೇಟ್ ಮಾಡಬೇಕೇ ಎಂದು ಕೇಳಿತು, ಹೌದು ಎಂದು ಒತ್ತಿದ್ದಾಯಿತು. ಈಗ ಚಿತ್ರಗಳ ಸ್ಥಿತಿ ಹೀಗಿದೆ.

ಮೊದಲೇ ಪುಟದಲ್ಲಿದ್ದ ಕೆಲವು ಪಿಎಸ್‌ಡಿ (ಫೋಟೊಶಾಪ್ ಫೈಲ್) ಚಿತ್ರಗಳಲ್ಲಿ ವಸ್ತುವಿನ ಹಿಂದೆ ಬೂದು ಬಣ್ಣದ ಹಿನ್ನೆಲೆ ಕಾಣಿಸಿಕೊಂಡಿದೆ. ಎಲ್ಲದರಲ್ಲೂ ಅಲ್ಲ, ಕೆಲವದರಲ್ಲಿ ಮಾತ್ರ. ಹೊಸದಾಗಿ ಪ್ಲೇಸ್ ಮಾಡಿದ (ಪುಟಕ್ಕೆ ತಂದ) ಟಿಫ್ ಫೈಲುಗಳು ಬಿಳಿ ಚೌಕದ ಸಮೇತ ಬರುತ್ತಿವೆ; ಇವೇ ಫೈಲುಗಳು ಹಳೆಯ ಆವೃತ್ತಿಯಲ್ಲಿ ಕತ್ತರಿಸಿಕೊಂಡೇ ಬರುತ್ತಿದ್ದವು. ಜೆಪೆಗ್‌ಗಳಲ್ಲಿ ಕೆಲವಕ್ಕೆ ಇಂಪೋರ್ಟ್ ಆಪ್ಷನ್ಸ್‌ನಲ್ಲಿ 'ಅಪ್ಲೈ ಫೋಟೊಶಾಪ್ ಕ್ಲಿಪ್ಪಿಂಗ್ ಪಾತ್' (ವಸ್ತುವಿನ ಸುತ್ತ ಎಳೆದ ಗೆರೆಗೆ ತಕ್ಕಂತೆ ಚಿತ್ರ ಕತ್ತರಿಸುವ ಆಯ್ಕೆ) ಎಂಬುದು ಮಸುಕಾಗಿದೆ, ಟಿಕ್ ಹಾಕಲು ಬಿಡುವುದಿಲ್ಲ. ಒಂದೆರಡು ಜೆಪೆಗ್‌ಗಳಲ್ಲಂತೂ ಕ್ಲಿಪ್ ಆಗುತ್ತದೆ, ಆದರೆ ಗೆರೆ ವಸ್ತುವಿನ ಮೇಲೆ ಕೂರದೆ ಪಕ್ಕಕ್ಕೆ ಸರಿದಿದೆ. ಚಿತ್ರದ ಸುತ್ತ ಬಾಗಿ ಹರಿಯುತ್ತಿದ್ದ ಪಠ್ಯ ಕೆಲವು ಪುಟಗಳಲ್ಲಿ ನೇರ ಚೌಕವಾಗಿ ನಿಂತಿದೆ. ಪಿಡಿಎಫ್ ಮಾಡಿದರೆ ಕಟೌಟ್‌ಗಳ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು.

ಪ್ರಿಫರೆನ್ಸಸ್ ರೀಸೆಟ್ ಮಾಡಿ ನೋಡಿದ್ದಾಗಿದೆ. ಐಡಿಎಂಎಲ್‌ಗೆ (ಇನ್‌ಡಿಸೈನ್‌ನ ವಿನಿಮಯ ಮಾದರಿ) ಎಕ್ಸ್‌ಪೋರ್ಟ್ ಮಾಡಿ ಮತ್ತೆ ತೆರೆದದ್ದೂ ಆಯಿತು. ವ್ಯತ್ಯಾಸವಿಲ್ಲ. ಎಲ್ಲಿಂದ ಶುರು ಮಾಡಬೇಕು?


ಅಂಚುಗೆರೆ:

ಇದು ಒಂದು ತೊಂದರೆಯಲ್ಲ, ಕನಿಷ್ಠ ನಾಲ್ಕು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಕಣ್ಣಿಗೆ ಬಿದ್ದಿವೆ. ಅಪ್‌ಗ್ರೇಡ್ ಆದ ದಿನವೇ ಕಂಡದ್ದರಿಂದ ಎಲ್ಲವೂ ಅಪ್‌ಗ್ರೇಡ್‌ನ ತಲೆಗೆ ಬಂದಿದೆ. ಐಡಿಎಂಎಲ್ ಮಾಡುವುದರಿಂದ ಡಾಕ್ಯುಮೆಂಟಿನೊಳಗಿನ ಕೊಳೆ ಹೋಗಬಹುದು, ಆದರೆ ಹೊರಗಿರುವ ಚಿತ್ರದ ಫೈಲಿನಲ್ಲಿ ಇಲ್ಲದ್ದನ್ನು ಅದು ತಂದುಕೊಡುವುದಿಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಮೂಲ ಸಿಎಸ್6 ಫೈಲಿನ ನಕಲು ತೆಗೆದುಕೊಳ್ಳಿ. ಹೊಸ ಆವೃತ್ತಿಯಲ್ಲಿ ತೆರೆಯಿರಿ, ಲಿಂಕ್ ಅಪ್‌ಡೇಟ್ ಕೇಳಿದಾಗ ಬೇಡ ಎನ್ನಿ. ಬೂದು ಹಿನ್ನೆಲೆಯ ಚಿತ್ರಗಳು ಆಗ ಸರಿಯಾಗಿ ಕಂಡರೆ ಆವೃತ್ತಿಯದು ತಪ್ಪಲ್ಲ, ಅಪ್‌ಡೇಟ್ ಮಾಡಿದ್ದೇ ಕಾರಣ. ನಂತರ ಲಿಂಕ್ಸ್ ಪ್ಯಾನೆಲ್‌ನಲ್ಲಿ ಒಂದೊಂದಾಗಿ ಅಪ್‌ಡೇಟ್ ಮಾಡುತ್ತಾ ಹೋಗಿ. ಯಾವ ಚಿತ್ರ ಯಾವಾಗ ಕೆಡುತ್ತದೆ ಎಂಬುದು ಕಣ್ಣೆದುರೇ ತಿಳಿಯುತ್ತದೆ.

ಎರಡನೆಯದು, ಚಿತ್ರ ಯಾವ ಬಗೆಯಲ್ಲಿ ಕತ್ತರಿಸಿಕೊಂಡಿದೆ ಎಂಬುದನ್ನು ಗುರುತಿಸುವುದು. ಪುಟದ ಮೇಲೆ ಮೂರೂ ಒಂದೇ ಥರ ಕಾಣುತ್ತವೆ, ಕೆಡುವ ರೀತಿ ಮಾತ್ರ ಬೇರೆ ಬೇರೆ. ಒಂದು, ಫ್ರೇಮೇ ವಸ್ತುವಿನ ಆಕಾರದಲ್ಲಿರುವುದು. ಎರಡು, ಫ್ರೇಮಿನ ಒಳಗೆ ಕ್ಲಿಪ್ಪಿಂಗ್ ಪಾತ್ ಇರುವುದು. ಮೂರು, ಪಾತ್ ಏನೂ ಇಲ್ಲದೆ ಚಿತ್ರದಲ್ಲೇ ಪಾರದರ್ಶಕತೆ ಅಥವಾ ಲೇಯರ್ ಮಾಸ್ಕ್ (ಲೇಯರಿನ ಭಾಗಗಳನ್ನು ಮರೆಮಾಡುವ ಪದರ) ಇರುವುದು. ಡೈರೆಕ್ಟ್ ಸೆಲೆಕ್ಷನ್ ಟೂಲಿನಿಂದ (ಎ ಕೀ) ಚಿತ್ರದ ಮೇಲೆ ಕ್ಲಿಕ್ ಮಾಡಿ, ಬಳಿಕ ಕಂಟ್ರೋಲ್+ಆಲ್ಟ್+ಶಿಫ್ಟ್+ಕೆ ಒತ್ತಿ. ಆಬ್ಜೆಕ್ಟ್ > ಕ್ಲಿಪ್ಪಿಂಗ್ ಪಾತ್ > ಆಪ್ಷನ್ಸ್ ಪೆಟ್ಟಿಗೆ ತೆರೆಯುತ್ತದೆ. ಮ್ಯಾಕ್‌ನಲ್ಲಾದರೆ ಕಮಾಂಡ್+ಆಪ್ಷನ್+ಶಿಫ್ಟ್+ಕೆ. ಟೈಪ್ ಎಂಬಲ್ಲಿ 'ಫೋಟೊಶಾಪ್ ಪಾತ್' ಎಂದಿದ್ದರೆ ಎರಡನೆಯ ಬಗೆ. 'ನನ್' ಎಂದಿದ್ದೂ ಚಿತ್ರ ಕತ್ತರಿಸಿದಂತೆ ಕಂಡರೆ ಒಂದನೆಯದು ಅಥವಾ ಮೂರನೆಯದು. 'ಯೂಸರ್-ಮಾಡಿಫೈಡ್ ಪಾತ್' ಎಂದಿದ್ದರೆ ಯಾರೋ ಇನ್‌ಡಿಸೈನ್‌ನಲ್ಲೇ ಗೆರೆಯ ಬಿಂದುಗಳನ್ನು ಎಳೆದಾಡಿದ್ದಾರೆ. ಅಂಥ ಚಿತ್ರಕ್ಕೆ ಫೋಟೊಶಾಪ್‌ನಲ್ಲಿ ಪಾತ್ ತಿದ್ದಿ ಉಪಯೋಗವಿಲ್ಲ, ಟೈಪ್ ಅನ್ನು ಮತ್ತೆ ಫೋಟೊಶಾಪ್ ಪಾತ್‌ಗೆ ತಿರುಗಿಸಬೇಕು.

ನಿಮ್ಮ ಬೂದು ಹಿನ್ನೆಲೆಯ ಪಿಎಸ್‌ಡಿಗಳು ಮೂರನೆಯ ಬಗೆ ಎಂಬುದು ಹೆಚ್ಚುಕಮ್ಮಿ ಖಚಿತ. ಫೈಲಿನಲ್ಲಿ ಹಿನ್ನೆಲೆಯ ಲೇಯರ್ ಆನ್ ಆಗಿಯೇ ಉಳಿದಿದೆ, ಇನ್‌ಡಿಸೈನ್‌ನಲ್ಲಿ ಮಾತ್ರ ಅದರ ಕಣ್ಣು (ಲೇಯರ್ ಕಾಣಿಸುವ ಗುರುತು) ಮುಚ್ಚಲಾಗಿತ್ತು. ಚಿತ್ರ ಆರಿಸಿ ಆಬ್ಜೆಕ್ಟ್ > ಆಬ್ಜೆಕ್ಟ್ ಲೇಯರ್ ಆಪ್ಷನ್ಸ್ ತೆರೆಯಿರಿ. ಕೆಳಗೆ 'ಅಪ್‌ಡೇಟ್ ಲಿಂಕ್ ಆಪ್ಷನ್ಸ್' ಎಂದಿದೆ. ಅಲ್ಲಿ 'ಯೂಸ್ ಫೋಟೊಶಾಪ್ಸ್ ಲೇಯರ್ ವಿಸಿಬಿಲಿಟಿ' ಎಂದಿದ್ದರೆ ಲಿಂಕ್ ಅಪ್‌ಡೇಟ್ ಆದಾಗಲೆಲ್ಲ ಫೈಲಿನಲ್ಲಿ ಏನು ಆನ್ ಇದೆಯೋ ಅದೇ ಪುಟಕ್ಕೆ ಬರುತ್ತದೆ. ಹಿನ್ನೆಲೆ ಲೇಯರಿನ ಕಣ್ಣು ಮುಚ್ಚಿ, ಆಯ್ಕೆಯನ್ನು 'ಕೀಪ್ ಲೇಯರ್ ವಿಸಿಬಿಲಿಟಿ ಓವರ್‌ರೈಡ್ಸ್' ಎಂದು ಮಾಡಿ. ಇನ್ನೂ ಒಳ್ಳೆಯ ದಾರಿ, ಫೋಟೊಶಾಪ್‌ನಲ್ಲೇ ಆ ಲೇಯರನ್ನು ಆಫ್ ಮಾಡಿ ಸೇವ್ ಮಾಡುವುದು. ಒಂದೇ ಪಿಎಸ್‌ಡಿ ಹತ್ತು ಪುಟಗಳಲ್ಲಿದ್ದರೆ ಹತ್ತು ಕಡೆ ಕಣ್ಣು ಮುಚ್ಚುವ ಕೆಲಸ ಉಳಿಯುತ್ತದೆ, ಒಂದನ್ನು ಮರೆತರೂ ಅದು ಅಚ್ಚಾಗಿಯೇ ಗೊತ್ತಾಗುವುದು.

ಹೊಸ ಟಿಫ್‌ಗಳ ವಿಷಯ ಬೇರೆ. ಪ್ಲೇಸ್ ಪೆಟ್ಟಿಗೆಯಲ್ಲಿ 'ಶೋ ಇಂಪೋರ್ಟ್ ಆಪ್ಷನ್ಸ್' ಟಿಕ್ ಇಲ್ಲದಿದ್ದರೆ ಇನ್‌ಡಿಸೈನ್ ಆ ಬಗೆಯ ಫೈಲಿಗೆ ಕೊನೆಯ ಸಲ ಬಳಸಿದ ಸೆಟ್ಟಿಂಗನ್ನೇ ಸದ್ದಿಲ್ಲದೆ ಹಾಕುತ್ತದೆ. ಯಾರೋ ಒಮ್ಮೆ ಟಿಫ್ ಪ್ಲೇಸ್ ಮಾಡುವಾಗ ಕ್ಲಿಪ್ಪಿಂಗ್ ಟಿಕ್ ತೆಗೆದಿದ್ದರೆ ಮುಂದಿನ ಎಲ್ಲ ಟಿಫ್‌ಗಳೂ ಚೌಕವಾಗಿಯೇ ಬರುತ್ತವೆ. ಈ ನೆನಪು ಫೈಲಿನ ಬಗೆಗೆ ತಕ್ಕಂತೆ ಬೇರೆ ಬೇರೆ, ಹಾಗಾಗಿ ಜೆಪೆಗ್ ಸರಿಯಿದ್ದು ಟಿಫ್ ಮಾತ್ರ ಕೆಟ್ಟಿರಬಹುದು. ಫೋಲ್ಡರಿನಿಂದ ನೇರ ಎಳೆದು ಪುಟಕ್ಕೆ ಬಿಡುವವರಿಗೆ ಇದು ಕಾಣುವುದೇ ಇಲ್ಲ. ಪಾತ್ ಇರುವ ಒಂದು ಟಿಫ್ ಅನ್ನು 'ಶೋ ಇಂಪೋರ್ಟ್ ಆಪ್ಷನ್ಸ್' ಜೊತೆ ಪ್ಲೇಸ್ ಮಾಡಿ, ಇಮೇಜ್ ಟ್ಯಾಬಿನಲ್ಲಿ ಟಿಕ್ ಹಾಕಿ ಓಕೆ ಒತ್ತಿ. ಮುಂದಿನವು ಸರಿಯಾಗಿ ಬರುತ್ತವೆ. ಈಗಾಗಲೇ ಪುಟದಲ್ಲಿರುವವನ್ನು ಮತ್ತೆ ಪ್ಲೇಸ್ ಮಾಡಬೇಕಿಲ್ಲ, ಮೇಲೆ ಹೇಳಿದ ಕ್ಲಿಪ್ಪಿಂಗ್ ಪಾತ್ ಪೆಟ್ಟಿಗೆಯಲ್ಲಿ ಟೈಪ್ ಬದಲಿಸಿದರೆ ಸಾಕು.

ಹೊಸ ಕೆಲಸಕ್ಕೆ ಎಲ್ಲವನ್ನೂ ಪಾರದರ್ಶಕ ಪಿಎಸ್‌ಡಿ ಮಾಡಿಕೊಂಡುಬಿಡಿ, ಪಾತ್‌ನ ಗೊಡವೆಯೇ ಬೇಡ ಎಂಬುದು ನನ್ನ ಸಲಹೆ.


ಬಿಳಿಹಾಳೆ:

ಮಸುಕಾದ ಟಿಕ್ ಬಗ್ಗೆ ಹೇಳುತ್ತೇನೆ, ಇಲ್ಲಿ ಬಹಳ ಜನ ಎಡವುತ್ತಾರೆ.

ಫೋಟೊಶಾಪ್‌ನಲ್ಲಿ 'ಪಾತ್' ಬೇರೆ, 'ಕ್ಲಿಪ್ಪಿಂಗ್ ಪಾತ್' ಬೇರೆ. ಪೆನ್ ಟೂಲಿನಲ್ಲಿ ಗೆರೆ ಎಳೆದಾಗ ಅದು ಬರೀ ವರ್ಕ್ ಪಾತ್. ಪಾತ್ಸ್ ಪ್ಯಾನೆಲ್‌ನಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಹೆಸರು ಕೊಟ್ಟರೆ ಸೇವ್ ಆದ ಪಾತ್. ಪ್ಯಾನೆಲ್ ಮೆನುವಿನಿಂದ 'ಕ್ಲಿಪ್ಪಿಂಗ್ ಪಾತ್' ಆರಿಸಿ ಆ ಹೆಸರನ್ನು ತೋರಿಸಿದ ಮೇಲಷ್ಟೇ ಅದು ಕ್ಲಿಪ್ಪಿಂಗ್ ಪಾತ್. ಇಂಪೋರ್ಟ್ ಪೆಟ್ಟಿಗೆಯ ಟಿಕ್ ಈ ಮೂರನೆಯದನ್ನು ಮಾತ್ರ ನೋಡುತ್ತದೆ. ಸೇವ್ ಆದ ಪಾತ್ ಇದ್ದೂ ಅದನ್ನು ಕ್ಲಿಪ್ಪಿಂಗ್ ಎಂದು ಗುರುತು ಮಾಡದಿದ್ದರೆ ಟಿಕ್ ಮಸುಕಾಗಿಯೇ ಇರುತ್ತದೆ. ಆದರೆ ಪ್ಲೇಸ್ ಆದ ಬಳಿಕ ಕಂಟ್ರೋಲ್+ಆಲ್ಟ್+ಶಿಫ್ಟ್+ಕೆ ಪೆಟ್ಟಿಗೆಯಲ್ಲಿ 'ಫೋಟೊಶಾಪ್ ಪಾತ್' ಆರಿಸಿದರೆ ಸೇವ್ ಆದ ಎಲ್ಲ ಪಾತ್‌ಗಳ ಹೆಸರೂ ಪಟ್ಟಿಯಲ್ಲಿ ಬರುತ್ತವೆ. ಅಲ್ಲಿಂದ ಆರಿಸಿಕೊಂಡರೆ ಆಯಿತು, ಫೋಟೊಶಾಪ್‌ಗೆ ಹೋಗುವ ಅಗತ್ಯವೇ ಇಲ್ಲ.

ಅಲ್ಲೂ 'ಫೋಟೊಶಾಪ್ ಪಾತ್' ಮಸುಕಾಗಿದ್ದರೆ ಫೈಲಿನಲ್ಲಿ ಪಾತ್ ಉಳಿದೇ ಇಲ್ಲ. ಜೆಪೆಗ್‌ನಲ್ಲಿ ಪಾತ್‌ಗಳು ಚಿತ್ರದ ಪಿಕ್ಸೆಲ್‌ಗಳ ಜೊತೆ ಇರುವುದಿಲ್ಲ, ಎಪಿಪಿ13 ಎಂಬ ಮೆಟಾಡೇಟಾ (ಚಿತ್ರದ ಜೊತೆಗಿನ ಹೆಚ್ಚುವರಿ ಮಾಹಿತಿ) ಭಾಗದಲ್ಲಿರುತ್ತವೆ. ಟಿಫ್‌ನಲ್ಲಿ 34377ನೇ ಟ್ಯಾಗ್. ಅದರೊಳಗೆ 2000ದಿಂದ 2997ರವರೆಗಿನ ಸಂಖ್ಯೆಗಳಲ್ಲಿ ಸೇವ್ ಆದ ಪಾತ್‌ಗಳು, 2999ರಲ್ಲಿ ಕ್ಲಿಪ್ಪಿಂಗ್ ಪಾತ್‌ನ ಹೆಸರು. ಫೈಲ್ ಸೈಜ್ ಇಳಿಸುವ ಟೂಲುಗಳು 'ಅನಗತ್ಯ' ಮೆಟಾಡೇಟಾ ತೆಗೆಯುವಾಗ ಈ ಭಾಗವೂ ಹೋಗುತ್ತದೆ. ಇಮೇಜ್‌ಮ್ಯಾಜಿಕ್ ಎಂಬ ಟೂಲಿನಲ್ಲಿ ಸ್ಟ್ರಿಪ್ ಆಪ್ಷನ್ ಹಾಕಿದರೂ ಅಷ್ಟೇ. ಮೆಸೇಜಿಂಗ್ ಆ್ಯಪ್‌ಗಳಲ್ಲಿ ಫೋಟೊ ಎಂದು ಕಳಿಸಿದರೂ ಅಷ್ಟೇ. ಡಾಕ್ಯುಮೆಂಟ್ ಎಂದು ಅಥವಾ ಜಿಪ್ ಮಾಡಿ ಕಳಿಸಬೇಕು. ಚಿತ್ರ ನೋಡಲು ಒಂದಿಷ್ಟೂ ಬದಲಾಗಿರುವುದಿಲ್ಲ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ನೂರಾರು ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ಬದಲು ಮೆಟಾಡೇಟಾ ಓದುವ ಎಕ್ಸಿಫ್‌ಟೂಲ್‌ನಿಂದ ಇಡೀ ಫೋಲ್ಡರಿನ 'ಕ್ಲಿಪ್ಪಿಂಗ್ ಪಾತ್ ನೇಮ್' ಟ್ಯಾಗನ್ನು ಪಟ್ಟಿ ಮಾಡಿಸಿ. ಹೆಸರು ಬಂದವು ಸರಿ. ಬರದವನ್ನು ಎರಡಾಗಿ ವಿಂಗಡಿಸಬೇಕು: ಪಾತ್ ಇದ್ದೂ ಗುರುತು ಮಾಡದವು, ಪಾತ್ ಇಲ್ಲವೇ ಇಲ್ಲದವು. ಎರಡನೆಯದಕ್ಕೆ ಹಳೆಯ ಬ್ಯಾಕಪ್‌ನಿಂದ ಮೂಲ ಫೈಲನ್ನೇ ತಂದು ರೀಲಿಂಕ್ ಮಾಡುವುದೇ ಮೊದಲ ದಾರಿ.

ಇನ್ನು ಪಕ್ಕಕ್ಕೆ ಸರಿದ ಗೆರೆ. ಪಾತ್‌ನ ಬಿಂದುಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ಬರೆದಿರುವುದಿಲ್ಲ, ಚಿತ್ರದ ಅಗಲ ಮತ್ತು ಎತ್ತರದ ಭಾಗಾಂಶವಾಗಿ ಬರೆದಿರುತ್ತದೆ. ಉದಾಹರಣೆಗೆ, ಎಡದಿಂದ 0.25, ಮೇಲಿನಿಂದ 0.4. ಆದ್ದರಿಂದ 4000 ಪಿಕ್ಸೆಲ್‌ನ ಚಿತ್ರವನ್ನು 2000ಕ್ಕೆ ಇಳಿಸಿದರೂ ಪಾತ್ ಸರಿಯಾಗಿಯೇ ಕೂರುತ್ತದೆ. ಆದರೆ ಮೆಟಾಡೇಟಾ ಹಾಗೇ ಉಳಿಸಿ ಚಿತ್ರದ ಬದಿಗಳನ್ನು ಕತ್ತರಿಸುವ ಟೂಲಿನಲ್ಲಿ ಕ್ರಾಪ್ ಮಾಡಿದರೆ ಅದೇ 0.25 ಈಗ ಬೇರೆ ಜಾಗಕ್ಕೆ ಬೀಳುತ್ತದೆ: ಗೆರೆ ಸರಿಯುತ್ತದೆ, ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಚಿತ್ರವನ್ನು 90 ಡಿಗ್ರಿ ತಿರುಗಿಸಿ ಸೇವ್ ಮಾಡಿದ್ದರೆ ಪಾತ್ ಅಡ್ಡಡ್ಡ ಮಲಗಿರುತ್ತದೆ. ಫೋಟೊಶಾಪ್‌ನಲ್ಲಿ ಕ್ರಾಪ್ ಮಾಡಿದರೆ ಈ ತೊಂದರೆಯಿಲ್ಲ, ಅದು ಪಾತ್ ಲೆಕ್ಕವನ್ನೂ ತಿದ್ದಿ ಬರೆಯುತ್ತದೆ. ಆ ಒಂದೆರಡು ಜೆಪೆಗ್‌ಗಳ ಅಗಲ ಎತ್ತರದ ಅನುಪಾತವನ್ನು ಹಳೆಯ ಪ್ರತಿಯ ಜೊತೆ ಹೋಲಿಸಿ ನೋಡಿ, ಕಾರಣ ಅಲ್ಲೇ ಸಿಗುತ್ತದೆ.


ಪುಟಕೆಲಸ:

ಇಬ್ಬರಿಗೂ ಧನ್ಯವಾದ. ಅಪ್‌ಡೇಟ್ ಮಾಡದೆ ತೆರೆದಾಗ ಪಿಎಸ್‌ಡಿಗಳೆಲ್ಲ ಸರಿಯಾಗಿಯೇ ಇವೆ, ಲೇಯರ್ ವಿಷಯವೇ ಹೌದು. ಟಿಫ್ ಟಿಕ್ ಹಾಕಿದ ಮೇಲೆ ಸರಿಯಾಯಿತು. ಜೆಪೆಗ್‌ಗಳಲ್ಲಿ 31 ಫೈಲುಗಳಿಗೆ ಪಾತ್ ಇಲ್ಲವೇ ಇಲ್ಲ, ಸೈಜ್ ಇಳಿಸಿದ ಫೋಲ್ಡರಿನಿಂದ ಲಿಂಕ್ ಆಗಿವೆ. ಅದರಲ್ಲಿ 22ಕ್ಕೆ ಮೂಲ ಸಿಕ್ಕಿದೆ. ಸರಿದಿದ್ದ ಎರಡರ ಅನುಪಾತವೂ ಮೂಲದ್ದಕ್ಕಿಂತ ಬೇರೆ.

ಉಳಿದ ಒಂಬತ್ತಕ್ಕೆ ಬಿಳಿ ಹಿನ್ನೆಲೆ ಇರುವುದರಿಂದ 'ಡಿಟೆಕ್ಟ್ ಎಡ್ಜಸ್' (ಇನ್‌ಡಿಸೈನ್ ತಾನೇ ಅಂಚು ಹುಡುಕುವ ಆಯ್ಕೆ) ಹಾಕಿ ನೋಡಿದರೆ ಬಿಳಿ ಪಿಂಗಾಣಿ ಕಪ್ಪಿನ ಅಂಚೇ ಮಾಯವಾಗುತ್ತಿದೆ, ಉಕ್ಕಿನ ಪಾತ್ರೆಯ ಹೊಳಪಿನಲ್ಲಿ ತೂತು ಬೀಳುತ್ತಿದೆ. ಇನ್ನೊಂದು ವಿಷಯ: ಪಾರದರ್ಶಕ ಪಿಎಸ್‌ಡಿ ಆಗಿದ್ದರೂ ಒಂದು ಚಿತ್ರದಲ್ಲಿ ಬ್ರಷ್‌ನ ಎಳೆಗಳು ಬ್ಲೇಡಿನಿಂದ ಕೊಯ್ದಂತೆ ಕಾಣುತ್ತಿವೆ.


ಕತ್ತರಿ_ಅಂಟು:

ಬ್ರಷ್ ಮೊದಲು, ಅದು ಸುಲಭ. ಆ ಪಿಎಸ್‌ಡಿಯಲ್ಲಿ ಲೇಯರ್ ಮಾಸ್ಕೂ ಇದೆ, ಎಂದೋ ಎಳೆದ ಕ್ಲಿಪ್ಪಿಂಗ್ ಪಾತ್ ಕೂಡ ಉಳಿದಿದೆ. ಇಂಪೋರ್ಟ್‌ನಲ್ಲಿ ಟಿಕ್ ಇದ್ದುದರಿಂದ ಎರಡೂ ಒಟ್ಟಿಗೆ ಕೆಲಸ ಮಾಡುತ್ತಿವೆ. ಪಾತ್ ಎಂಬುದು ವೆಕ್ಟರ್ ಗೆರೆ, ಅದಕ್ಕೆ ಒಳಗೆ ಅಥವಾ ಹೊರಗೆ ಎಂಬುದಷ್ಟೇ ಗೊತ್ತು, ನಡುವಿನ ನಸುಪಾರದರ್ಶಕತೆ ಗೊತ್ತಿಲ್ಲ. ಮಾಸ್ಕ್ ಮೃದುವಾಗಿ ಬಿಟ್ಟ ಎಳೆಗಳನ್ನು ಪಾತ್ ಬಂದು ಕೊಯ್ದಿದೆ. ಕ್ಲಿಪ್ಪಿಂಗ್ ಪಾತ್ ಟೈಪನ್ನು 'ನನ್' ಮಾಡಿ.

ಇಲ್ಲೇ ಅಂಚುಗೆರೆಯವರ ಕೊನೆಯ ಸಲಹೆಗೆ ನನ್ನ ತಕರಾರಿದೆ. ಕೂದಲು, ತುಪ್ಪಳ, ಗಾಜು, ನೆರಳು ಇರುವ ಚಿತ್ರಕ್ಕೆ ಮಾಸ್ಕ್ ಬೇಕೇ ಬೇಕು. ಆದರೆ ಡಬ್ಬಿ, ಯಂತ್ರ, ಪುಸ್ತಕ, ಪಾತ್ರೆಯಂಥ ಗಟ್ಟಿ ಅಂಚಿನ ವಸ್ತುವಿಗೆ ಪಾತ್ ಮೇಲು. ಮಾಸ್ಕ್‌ನ ಅಂಚು ಚಿತ್ರದ ರೆಸಲ್ಯೂಶನ್ನಿಗೆ ಕಟ್ಟುಬಿದ್ದದ್ದು, 150 ಪಿಪಿಐಗೆ (ಇಂಚಿಗೆ ಪಿಕ್ಸೆಲ್) ಇಳಿದರೆ ಅಂಚೂ ಮಸುಕು. ಪಾತ್‌ನ ಅಂಚು ಮುದ್ರಣ ಯಂತ್ರದ ರೆಸಲ್ಯೂಶನ್ನಿನಲ್ಲಿ ಬರುತ್ತದೆ. ಅದೂ ಅಲ್ಲದೆ ಮಾಸ್ಕ್ ಎಂದರೆ ಟ್ರಾನ್ಸ್‌ಪರೆನ್ಸಿ, ಟ್ರಾನ್ಸ್‌ಪರೆನ್ಸಿ ಎಂದರೆ ಹಳೆಯ ಪಿಡಿಎಫ್ ಮಾದರಿಗಳಲ್ಲಿ ಫ್ಲ್ಯಾಟನಿಂಗ್ (ಪಾರದರ್ಶಕ ಭಾಗಗಳನ್ನು ಅಪಾರದರ್ಶಕ ತುಂಡುಗಳಾಗಿಸುವುದು). ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕುವ ಅಗತ್ಯವಿಲ್ಲ.

ಡಿಟೆಕ್ಟ್ ಎಡ್ಜಸ್ ಬಗ್ಗೆ. ಅದಕ್ಕೆ ವಸ್ತು ಯಾವುದು ಎಂದು ತಿಳಿಯುವುದಿಲ್ಲ, ತಿಳಿ ಬಣ್ಣವನ್ನೆಲ್ಲ ಹಿನ್ನೆಲೆ ಎಂದುಕೊಳ್ಳುತ್ತದೆ. ಥ್ರೆಶೋಲ್ಡ್ ಮೊದಲು 25 ಇರುತ್ತದೆ. ಏರಿಸಿದಷ್ಟೂ ಇನ್ನಷ್ಟು ಗಾಢ ಬಣ್ಣಗಳು ಮಾಯವಾಗುತ್ತವೆ. ಬಿಳಿ ಕಪ್ಪಿಗೆ ಅದನ್ನು ಏರಿಸುವುದಲ್ಲ, 5ರ ಆಸುಪಾಸಿಗೆ ಇಳಿಸಬೇಕು. ಹಾಗೆ ಮಾಡಿದರೆ ಜೆಪೆಗ್ ಕಂಪ್ರೆಷನ್ನಿನ ಕಸ ಅಂಚಿನಲ್ಲಿ ಉಳಿಯುತ್ತದೆ, ಅದು ಬೇರೆ ಮಾತು. ಟಾಲರೆನ್ಸ್ ಮೊದಲು 2. ಇಳಿಸಿದರೆ ಗೆರೆ ಅಂಕುಡೊಂಕಾಗಿ ಬಿಂದುಗಳು ಹೆಚ್ಚುತ್ತವೆ, ಏರಿಸಿದರೆ ನುಣುಪಾಗುತ್ತದೆ. ಪಾತ್ರೆಯ ತೂತಿಗೆ ಕಾರಣ 'ಇನ್‌ಕ್ಲೂಡ್ ಇನ್‌ಸೈಡ್ ಎಡ್ಜಸ್', ಆ ಟಿಕ್ ತೆಗೆಯಿರಿ. ಅದು ಹಿಡಿಕೆಯ ನಡುವಿನ ಖಾಲಿ ಜಾಗವನ್ನು ತೆರೆಯಲು ಇರುವುದು. ಹೊಳಪನ್ನೂ ಖಾಲಿ ಎಂದೇ ಓದುತ್ತದೆ. 'ಯೂಸ್ ಹೈ ರೆಸಲ್ಯೂಶನ್ ಇಮೇಜ್' ಟಿಕ್ ಇರಲಿ. ಇಲ್ಲದಿದ್ದರೆ ಪರದೆಯ ಪ್ರಿವ್ಯೂ ನೋಡಿ ಗೆರೆ ಎಳೆಯುತ್ತದೆ, ಅಂಚು ಒರಟಾಗುತ್ತದೆ.

ಬಿಳಿಯ ಮೇಲೆ ಬಿಳಿ ಕಪ್ಪಿಗೆ ಇದೆಲ್ಲ ಕಸರತ್ತು ಅಷ್ಟೇ. ಒಂಬತ್ತೇ ಚಿತ್ರಗಳಾದ್ದರಿಂದ ಪೆನ್ ಟೂಲಿನಲ್ಲಿ ಎಳೆದುಬಿಡಿ. ಸೆಲೆಕ್ಷನ್ನಿನಿಂದ 'ಮೇಕ್ ವರ್ಕ್ ಪಾತ್' ಮಾಡುವ ಆಸೆ ಬೇಡ, 0.5 ಟಾಲರೆನ್ಸ್ ಕೊಟ್ಟರೆ ಬಿಂದುಗಳ ಸಂತೆ, 2 ಕೊಟ್ಟರೆ ಮೂಲೆಗಳು ದುಂಡಗಾಗುತ್ತವೆ. ಗೆರೆಯನ್ನು ಅಂಚಿನ ಮೇಲಲ್ಲ, ಒಂದೆರಡು ಪಿಕ್ಸೆಲ್ ಒಳಗೆ ಎಳೆಯಿರಿ. ಅಂಚಿನ ಪಿಕ್ಸೆಲ್‌ಗಳಲ್ಲಿ ಹಿನ್ನೆಲೆಯ ಬಣ್ಣ ಬೆರೆತಿರುತ್ತದೆ. ಗಾಢ ಪುಟದ ಮೇಲೆ ಅದೇ ಬಿಳಿ ದಡಿಯಾಗಿ ಕಾಣುವುದು. ಪಾತ್ ಮತ್ತೆ ಎಳೆಯಲು ಸಮಯವಿಲ್ಲದಿದ್ದರೆ ಕ್ಲಿಪ್ಪಿಂಗ್ ಪಾತ್ ಪೆಟ್ಟಿಗೆಯ 'ಇನ್‌ಸೆಟ್ ಫ್ರೇಮ್' ಬಳಸಿ. 300 ಪಿಪಿಐನಲ್ಲಿ ಒಂದು ಪಿಕ್ಸೆಲ್ ಎಂದರೆ ಸುಮಾರು 0.085 ಮಿ.ಮೀ., ಎರಡು ಪಿಕ್ಸೆಲ್ ಒಳಗೆ ಸರಿಸಲು 0.17 ಮಿ.ಮೀ. ಕೊಡಿ. ಧನ ಸಂಖ್ಯೆ ಒಳಕ್ಕೆ, ಋಣ ಸಂಖ್ಯೆ ಹೊರಕ್ಕೆ.

ಫೋಟೊಶಾಪ್‌ನ ಕ್ಲಿಪ್ಪಿಂಗ್ ಪಾತ್ ಪೆಟ್ಟಿಗೆಯಲ್ಲಿ ಫ್ಲ್ಯಾಟ್‌ನೆಸ್ (ಬಾಗು ಅಂಚು ಎಷ್ಟು ನಿಖರವಾಗಿ ಬರಬೇಕು ಎಂಬ ಮೌಲ್ಯ) ಕೇಳುತ್ತದೆ, ಖಾಲಿ ಬಿಡಿ. ಪ್ರಿಂಟರಿನ ಸ್ವಂತ ಮೌಲ್ಯ ಬಳಕೆಯಾಗುತ್ತದೆ. ಕೊಡಲೇಬೇಕಾದರೆ 1200ರಿಂದ 2400 ಡಿಪಿಐ ಯಂತ್ರಕ್ಕೆ 8ರಿಂದ 10, 300ರಿಂದ 600 ಡಿಪಿಐಗೆ 1ರಿಂದ 3. ಯಾರೋ 50, 60 ಬರೆದಿಟ್ಟ ಫೈಲುಗಳಲ್ಲಿ ದುಂಡು ಅಂಚು ಬಹುಭುಜವಾಗಿ ಅಚ್ಚಾಗುತ್ತದೆ, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಪಠ್ಯ ಚೌಕವಾಗಿದ್ದು ಈ ಎಲ್ಲದರ ಬಾಲ. ಟೆಕ್ಸ್ಟ್ ರ‍್ಯಾಪ್ ಪ್ಯಾನೆಲ್‌ನಲ್ಲಿ 'ರ‍್ಯಾಪ್ ಅರೌಂಡ್ ಆಬ್ಜೆಕ್ಟ್ ಶೇಪ್' ಇದ್ದು ಕಾಂಟೂರ್ 'ಸೇಮ್ ಆ್ಯಸ್ ಕ್ಲಿಪ್ಪಿಂಗ್' ಎಂದಿದ್ದರೆ, ಕ್ಲಿಪ್ಪಿಂಗ್ ಹೋದ ಕೂಡಲೇ ಪಠ್ಯಕ್ಕೆ ಸುತ್ತಿ ಬರಲು ಆಕಾರವೇ ಇರುವುದಿಲ್ಲ. ಕ್ಲಿಪ್ ಸರಿಯಾದರೆ ಇದೂ ತಾನಾಗಿ ಸರಿಯಾಗುತ್ತದೆ. ಮಾಸ್ಕ್ ಇರುವ ಪಿಎಸ್‌ಡಿಗೆ ಮಾತ್ರ ಕಾಂಟೂರನ್ನು 'ಆಲ್ಫಾ ಚಾನೆಲ್' ಮಾಡಿ, ಪಟ್ಟಿಯಲ್ಲಿ ಟ್ರಾನ್ಸ್‌ಪರೆನ್ಸಿ ಆರಿಸಿ. ಕನ್ನಡ ಪಠ್ಯದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಚಿತ್ರದ ಮೇಲುಬದಿಯಲ್ಲಿ ತಾಗುವುದುಂಟು. ತಾಗಿದ ಕಡೆ ಆಫ್‌ಸೆಟ್ ಒಂದು ಮಿ.ಮೀ. ಹೆಚ್ಚಿಸಿ ನೋಡಿ.


ಪ್ಲೇಟ್‌ರೂಮ್:

ಪಿಡಿಎಫ್‌ನ ಬಿಳಿ ಗೆರೆಗಳನ್ನು ಯಾರೂ ಮುಟ್ಟಿಲ್ಲ. ಮೊದಲು ಆಕ್ರೊಬ್ಯಾಟ್‌ನಲ್ಲಿ ಝೂಮ್ ಮಾಡಿ: ಶೇ. 100ರಲ್ಲಿ ಕಂಡ ಗೆರೆ ಶೇ. 800ರಲ್ಲೂ ಅಷ್ಟೇ ತೆಳ್ಳಗೆ ಉಳಿದರೆ ಅಥವಾ ಮಾಯವಾದರೆ ಅದು ಪರದೆಯ ಆಟ. ಝೂಮಿನ ಜೊತೆ ದಪ್ಪವಾಗುತ್ತಾ ಹೋದರೆ ಫೈಲಿನಲ್ಲೇ ಇದೆ. ಪ್ರಿಫರೆನ್ಸಸ್ > ಪೇಜ್ ಡಿಸ್‌ಪ್ಲೇಯಲ್ಲಿ 'ಸ್ಮೂತ್ ಲೈನ್ ಆರ್ಟ್', 'ಸ್ಮೂತ್ ಇಮೇಜಸ್' ಎರಡನ್ನೂ ತೆಗೆದು ನೋಡಿದರೂ ಉತ್ತರ ಸಿಗುತ್ತದೆ.

ಕಾರಣ ಫ್ಲ್ಯಾಟನಿಂಗ್. ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-1ಎ ಮಾದರಿಯ ಪ್ರಿಸೆಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಟ್ರಾನ್ಸ್‌ಪರೆನ್ಸಿಗೆ ಜಾಗವಿಲ್ಲ, ಹಾಗಾಗಿ ಮಾಸ್ಕ್ ಇರುವ ಚಿತ್ರವನ್ನೂ ಅದು ತಾಗುವ ಎಲ್ಲವನ್ನೂ ಸಣ್ಣ ತುಂಡುಗಳಾಗಿ ಕತ್ತರಿಸಿ ಪಕ್ಕಪಕ್ಕದಲ್ಲಿ ಜೋಡಿಸಿಡಲಾಗುತ್ತದೆ. ಪರದೆಯಲ್ಲಿ ಪ್ರತಿ ತುಂಡಿನ ಅಂಚನ್ನೂ ನುಣುಪು ಮಾಡುವಾಗ ನಡುವಿನ ಬಿಳಿ ಇಣುಕುತ್ತದೆ. ಅಚ್ಚಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅಚ್ಚು ಮಾಡುವವರು ಒಪ್ಪಿದರೆ ಪಿಡಿಎಫ್/ಎಕ್ಸ್-4 ಕೊಡಿ. ಅದರಲ್ಲಿ ಟ್ರಾನ್ಸ್‌ಪರೆನ್ಸಿ ಹಾಗೇ ಉಳಿಯುತ್ತದೆ, ತುಂಡುಗಳೇ ಆಗುವುದಿಲ್ಲ. ಎಕ್ಸ್-1ಎ ಬೇಕೇ ಬೇಕೆಂದರೆ ಫ್ಲ್ಯಾಟನರ್ ಪ್ರಿಸೆಟ್ ಹೈ ರೆಸಲ್ಯೂಶನ್ ಇರಲಿ, ಪಠ್ಯವನ್ನು ಚಿತ್ರಕ್ಕಿಂತ ಮೇಲಿನ ಲೇಯರಿನಲ್ಲಿಡಿ. ಇಲ್ಲದಿದ್ದರೆ ಚಿತ್ರದ ಪಕ್ಕದ ಅಕ್ಷರಗಳು ಔಟ್‌ಲೈನ್ ಆಗಿ ದಪ್ಪ ಕಾಣುತ್ತವೆ.

ಅಂಚು ಒರಟಾಗಿದೆ ಎಂದು ಇನ್‌ಡಿಸೈನ್ ಪರದೆ ನೋಡಿ ತೀರ್ಮಾನಿಸಬೇಡಿ. ಟಿಪಿಕಲ್ ಡಿಸ್‌ಪ್ಲೇಯಲ್ಲಿ ಕಾಣುವುದು ಕಡಿಮೆ ರೆಸಲ್ಯೂಶನ್ನಿನ ಪ್ರಿವ್ಯೂ. ಕಂಟ್ರೋಲ್+ಆಲ್ಟ್+ಎಚ್ ಒತ್ತಿ ಹೈ ಕ್ವಾಲಿಟಿಗೆ ಬಂದು ನೋಡಿ. ಆಗಲೂ ವಿಚಿತ್ರವಾಗಿ ಕಂಡರೆ ಪ್ರಿಫರೆನ್ಸಸ್‌ನಲ್ಲಿ ಜಿಪಿಯು ಪರ್ಫಾರ್ಮೆನ್ಸ್ ಆಫ್ ಮಾಡಿ ಇನ್ನೊಮ್ಮೆ. ಪರದೆಯಲ್ಲಿ ತಪ್ಪು, ಪಿಡಿಎಫ್‌ನಲ್ಲಿ ಸರಿ ಎಂದಾದರೆ ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಬೇಕು, ಚಿತ್ರದ ಕಡೆ ಅಲ್ಲ.

ಕ್ಯಾಟಲಾಗಿನಲ್ಲಿ ಎಐ (ಇಲಸ್ಟ್ರೇಟರ್ ಫೈಲ್) ಅಥವಾ ಪಿಡಿಎಫ್ ಲೋಗೊಗಳಿದ್ದರೆ ಅವುಗಳ ಅಂಚನ್ನೂ ನೋಡಿ. ಇವಕ್ಕೆ ಕ್ಲಿಪ್ಪಿಂಗ್ ಪಾತ್ ಅಲ್ಲ, ಇಂಪೋರ್ಟ್ ಪೆಟ್ಟಿಗೆಯ 'ಕ್ರಾಪ್ ಟು' ಎಂಬುದೇ ಕತ್ತರಿ: ಬೌಂಡಿಂಗ್ ಬಾಕ್ಸ್, ಆರ್ಟ್, ಕ್ರಾಪ್, ಟ್ರಿಮ್, ಬ್ಲೀಡ್, ಮೀಡಿಯಾ. ಟ್ರಿಮ್ ಎಂದಿದ್ದರೆ ಬ್ಲೀಡ್ (ಕತ್ತರಿಸುವ ಗೆರೆಯಾಚೆಗಿನ) ಭಾಗ ಬರುವುದಿಲ್ಲ. ಬೌಂಡಿಂಗ್ ಬಾಕ್ಸ್ ಎಂದಿದ್ದರೆ ಲೋಗೊಗೆ ಯಾರೋ ಒಂದು ಚುಕ್ಕೆ ಸೇರಿಸಿದರೂ ಅಳತೆ ಬದಲಾಗಿ ಅಪ್‌ಡೇಟ್ ಆದಾಗ ಚಿತ್ರ ಸರಿಯುತ್ತದೆ. ಬದಲಿಸಬೇಕಾದರೆ ಲಿಂಕ್ಸ್ ಪ್ಯಾನೆಲ್‌ನಿಂದ ರೀಲಿಂಕ್ ಕೊಟ್ಟು, ಆ ಪೆಟ್ಟಿಗೆಯಲ್ಲೂ 'ಶೋ ಇಂಪೋರ್ಟ್ ಆಪ್ಷನ್ಸ್' ಟಿಕ್ ಹಾಕಿ ಅದೇ ಫೈಲನ್ನು ಆರಿಸಿ.


ತೆಳುಗೆರೆ:

ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶ ಬಳಸುವವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ ಎರಡು ಮಾತು. 1.4ರಿಂದ 1.6ಕ್ಕೆ ಬಂದವರು ಚಿತ್ರದ ಆಯ್ಕೆಗಳನ್ನು ಪ್ರಾಪರ್ಟೀಸ್‌ನಲ್ಲಿ ಹುಡುಕಿ ಸುಸ್ತಾಗುತ್ತಾರೆ. ಅವು ಈಗ ಕಂಟೆಂಟ್ ಪ್ಯಾಲೆಟ್‌ನಲ್ಲಿವೆ. ಪಾತ್ ಆರಿಸಲು 'ಎಕ್ಸ್‌ಟೆಂಡೆಡ್ ಇಮೇಜ್ ಪ್ರಾಪರ್ಟೀಸ್' ತೆರೆದು ಪಾತ್ಸ್ ಟ್ಯಾಬಿಗೆ ಹೋಗಿ. ಪಿಎಸ್‌ಡಿ ಲೇಯರ್‌ಗಳ ಟ್ಯಾಬ್ ಕೂಡ ಅಲ್ಲೇ. ಪಠ್ಯ ಸುತ್ತಿ ಬರಲು ಫ್ರೇಮಿಗೆ 'ಯೂಸ್ ಇಮೇಜ್ ಕ್ಲಿಪ್ ಪಾತ್' ಪ್ರತ್ಯೇಕವಾಗಿ ಕೊಡಬೇಕು. 1.6ರಲ್ಲಿ ಸೇವ್ ಮಾಡಿದ ಫೈಲ್ 1.4ರಲ್ಲಿ ತೆರೆಯುವುದಿಲ್ಲ, ಹಳೆಯ ಪ್ರತಿಯನ್ನು ಅಳಿಸಬೇಡಿ. ಮೆಟಾಡೇಟಾ ಹೋದ ಜೆಪೆಗ್ ಇಲ್ಲಿಯೂ ಅಷ್ಟೇ, ಪಾತ್ಸ್ ಟ್ಯಾಬಿನಲ್ಲಿ ತೋರಿಸಲು ಏನೂ ಇರುವುದಿಲ್ಲ.


ಪುಟಕೆಲಸ:

ಪಿಡಿಎಫ್ ಗೆರೆಗಳು ಝೂಮ್ ಮಾಡಿದರೆ ದಪ್ಪವಾಗುತ್ತಿಲ್ಲ, ಎಕ್ಸ್-4ರಲ್ಲಿ ಇಲ್ಲವೇ ಇಲ್ಲ. ಒಂದೇ ಪ್ರಶ್ನೆ ಉಳಿದಿದೆ: ಚೌಕವಾಗಿ ಬಂದ 140ಕ್ಕೂ ಹೆಚ್ಚು ಟಿಫ್‌ಗಳು ಪುಟಗಳಲ್ಲಿ ಕೂತಿವೆ. ಒಂದೊಂದಕ್ಕೂ ಟೈಪ್ ಬದಲಿಸಬೇಕೇ? ಆಬ್ಜೆಕ್ಟ್ ಸ್ಟೈಲ್‌ನಲ್ಲಿ (ಹಲವು ಫ್ರೇಮುಗಳಿಗೆ ಒಂದೇ ಸಲ ಹಾಕುವ ಸೆಟ್ಟಿಂಗ್‌ಗಳ ಗುಂಪು) ಮಾಡಬಹುದೇ?


ಬಿಳಿಹಾಳೆ:

ಆಬ್ಜೆಕ್ಟ್ ಸ್ಟೈಲ್‌ನಲ್ಲಿ ಟೆಕ್ಸ್ಟ್ ರ‍್ಯಾಪ್, ಫಿಟ್ಟಿಂಗ್ ಎಲ್ಲ ಇದೆ, ಕ್ಲಿಪ್ಪಿಂಗ್ ಪಾತ್ ಇಲ್ಲ. ಸ್ಕ್ರಿಪ್ಟ್ ಬರೆಯಿರಿ, ಹತ್ತು ಸಾಲು ಸಾಕು. ಡಾಕ್ಯುಮೆಂಟಿನ 'ಆಲ್ ಗ್ರಾಫಿಕ್ಸ್' ಪಟ್ಟಿಯ ಮೇಲೆ ಲೂಪ್ ಓಡಿಸಿ. ಪ್ರತಿ ಚಿತ್ರದ 'ಕ್ಲಿಪ್ಪಿಂಗ್ ಪಾತ್' ಆಬ್ಜೆಕ್ಟಿನಲ್ಲಿ 'ಫೋಟೊಶಾಪ್ ಪಾತ್ ನೇಮ್ಸ್' ಎಂಬ ಪಟ್ಟಿಯಿದೆ. ಅದು ಖಾಲಿಯಿದ್ದರೆ ಚಿತ್ರದ ಹೆಸರನ್ನು ಒಂದು ವರದಿಗೆ ಬರೆದು ಮುಂದೆ ಹೋಗಲಿ. ಖಾಲಿಯಿಲ್ಲದಿದ್ದರೆ 'ಕ್ಲಿಪ್ಪಿಂಗ್ ಟೈಪ್' ಅನ್ನು ಫೋಟೊಶಾಪ್ ಪಾತ್ ಮಾಡಿ, 'ಅಪ್ಲೈಡ್ ಪಾತ್ ನೇಮ್'ಗೆ ಪಟ್ಟಿಯ ಹೆಸರು ಕೊಡಲಿ. ಒಂದಕ್ಕಿಂತ ಹೆಚ್ಚು ಪಾತ್ ಇರುವ ಫೈಲುಗಳಲ್ಲಿ ಕಣ್ಣುಮುಚ್ಚಿ ಮೊದಲನೆಯದನ್ನು ಹಾಕಬೇಡಿ, ಅವೂ ವರದಿಗೆ ಹೋಗಲಿ. ನೆರಳಿಗೆಂದು ಎಳೆದ ಪಾತ್ ಪಟ್ಟಿಯ ಮೊದಲಿಗೇ ಇರಬಹುದು.

ಷರತ್ತು ಎರಡು. ಲಿಂಕ್‌ನ ಹೆಸರು ಟಿಫ್ ಎಂದು ಮುಗಿಯುತ್ತದೆಯೇ ಎಂದು ನೋಡಿ, ಇಲ್ಲದಿದ್ದರೆ ಮಾಸ್ಕ್ ಇರುವ ಪಿಎಸ್‌ಡಿಗಳಿಗೂ ಪಾತ್ ಬಿದ್ದು ಬ್ರಷ್ ಕಥೆ ಮತ್ತೆ ಶುರುವಾಗುತ್ತದೆ. ಟೈಪ್ 'ನನ್' ಇರುವವನ್ನು ಮಾತ್ರ ಮುಟ್ಟಲಿ, ಕೈಯಿಂದ ತಿದ್ದಿದ ಪಾತ್‌ಗಳು ಹಾಗೇ ಉಳಿಯಲಿ. ಚೌಕವಾಗಿಯೇ ಇರಬೇಕಾದ ಚಿತ್ರಗಳಿದ್ದರೆ ಅವುಗಳ ಫ್ರೇಮಿಗೆ ಮೊದಲೇ ಒಂದು ಸ್ಕ್ರಿಪ್ಟ್ ಲೇಬಲ್ ಹಾಕಿ, ಅದು ಕಂಡರೆ ಸ್ಕ್ರಿಪ್ಟ್ ಬಿಟ್ಟು ಹೋಗಲಿ. ಫೈಲಿನ ನಕಲಿನ ಮೇಲೆ ಓಡಿಸಿ, ವರದಿಯಲ್ಲಿ ಬಂದ ಹೆಸರುಗಳನ್ನು ಇಲ್ಲಿ ಹಾಕಿದರೆ ಮುಂದಿನದು ನೋಡೋಣ.